ಬಸುರಿ, ಬಾಣಂತಿಯ ಚಟ ಬಿಡಿಸಲು ಎಲ್ಲಿಗೆ ಹೋಗುವುದು?

ನನ್ನ ಚಿಕ್ಕಪ್ಪನ ಮಗಳು ಆಗ ಐದು ತಿಂಗಳ ಬಸುರಿ. ದಿನಾ ರಾತ್ರಿ ಕುಡಿಯುತ್ತಿದ್ದಾಳೆ ಎಂದು ಮನೆಯಲ್ಲಿ ಗೊತ್ತಾದ ದಿನ ಚಿಕ್ಕಮ್ಮ ಅತ್ತರು, ಚಿಕ್ಕಪ್ಪ ಕೂಗಾಡಿದರು. ಆಮೇಲೆ ನನಗೆ ಫೋನ್ ಬಂತು. "ನೀನು ಬೆಂಗಳೂರಲ್ಲಿ ಇದ್ದೀಯಲ್ಲ, ಯಾವುದಾದ್ರೂ ಒಳ್ಳೇ ಸೆಂಟರ್ ನೋಡಮ್ಮ."

ನೋಡಿದೆ. ನಾಲ್ಕು ರಿಹ್ಯಾಬ್‌ಗಳಿಗೆ, ಅಂದರೆ ಚಟ ಬಿಡಿಸುವ ಕೇಂದ್ರಗಳಿಗೆ, ಫೋನ್ ಮಾಡಿದೆ. ಒಬ್ಬರು ಲೇಡೀಸ್ ತಗೊಳ್ಳಲ್ಲ ಅಂದರು. ಇನ್ನೊಬ್ಬರು ಡೆಲಿವರಿ ಆದ ಮೇಲೆ ಬನ್ನಿ ಅಂದರು. ಮೂರನೆಯವರು, ಬಸುರಿ ಎಂದು ಬಿಡಿಸಿ ಹೇಳಿದ ಮೇಲೂ, "ಅಡ್ರೆಸ್ ಕೊಡಿ ಮೇಡಂ, ರಾತ್ರಿ ಗಾಡಿ ಕಳಿಸ್ತೀವಿ, ನಮ್ಮ ಹುಡುಗರು ಎತ್ಕೊಂಡು ಬರ್ತಾರೆ" ಅಂದರು. ನಾಲ್ಕನೆಯವರು ಫೋನ್ ಎತ್ತಲೇ ಇಲ್ಲ.

ಆ ಒಂದು ವಾರದಲ್ಲಿ ಕಲಿತದ್ದನ್ನು, ಆಮೇಲೆ ಓದಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬಸುರಿಯರಿಗಾಗಿಯೇ ಇರುವ ವ್ಯಸನಮುಕ್ತಿ ಕೇಂದ್ರ ಹುಡುಕುತ್ತಾ ಕೂತರೆ ತಿಂಗಳು ತುಂಬಿಬಿಡುತ್ತದೆ. ಚಟದ ಡಾಕ್ಟರ್ ಒಬ್ಬರು, ಹೆರಿಗೆ ಡಾಕ್ಟರ್ ಒಬ್ಬರು, ಇಬ್ಬರನ್ನೂ ನಾವೇ ಜೋಡಿಸಬೇಕು. ಹಾಗಾಗಿ ಯಾವ ಸೆಂಟರ್ ದೊಡ್ಡದು, ಯಾವುದಕ್ಕೆ ಒಳ್ಳೇ ಹೆಸರಿದೆ ಎಂದು ಹೋಲಿಸಬೇಡಿ. ಯಾವ ಜಾಗದಲ್ಲಿ ಈ ಇಬ್ಬರೂ ಬೇಗ ಮಾತಾಡಿಕೊಳ್ಳುತ್ತಾರೆ ಎಂದು ನೋಡಿ.

ಕೇಂದ್ರಗಳು ಹೀಗಿರಲು ಕಾರಣವೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 10ರಿಂದ 75 ವರ್ಷದ ಗಂಡಸರಲ್ಲಿ ಶೇ. 27.3 ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ. 1.6 ಎಂದಿತ್ತು. ಹೆಂಗಸರು ಮುಚ್ಚಿಡುತ್ತಾರೆ, ಅದು ಬೇರೆ ಮಾತು. ಆದರೆ ಹಾಸಿಗೆ, ಶೌಚಾಲಯ, ಕೌನ್ಸೆಲಿಂಗ್ ಎಲ್ಲ ಗಂಡಸರನ್ನು ಮನಸ್ಸಲ್ಲಿಟ್ಟುಕೊಂಡೇ ಆಗಿದೆ.

ಮೊದಲು ಯಾವ ಚಟ ಎಂದು ನೋಡಿ

ಜಾಗ ಹುಡುಕುವ ಮೊದಲು ಇದು ಗೊತ್ತಿರಬೇಕು. ಎಲ್ಲ ಚಟಕ್ಕೂ ಒಂದೇ ದಾರಿ ಇಲ್ಲ.

ಕುಡಿತ ಮೊದಲು. ಬಸುರಿನಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ. ಒಂದು ಗುಟುಕೂ ಬೇಡ ಎಂದೇ ಡಾಕ್ಟರ್‌ಗಳು ಹೇಳುವುದು. ಅದನ್ನು ಕೇಳಿಸಿಕೊಂಡ ಮನೆಯವರು ಮಾಡುವ ಮೊದಲ ಕೆಲಸ ಬಾಟಲಿ ಚೆಲ್ಲಿ ರೂಮಿಗೆ ಬೀಗ ಹಾಕುವುದು. ನಮ್ಮ ಮನೆಯಲ್ಲೂ ಅದೇ ಆಯಿತು. ಎರಡನೇ ದಿನ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಕಾಫಿ ಲೋಟ ಹಿಡಿಯಲು ಆಗಲಿಲ್ಲ, ಮೈಯೆಲ್ಲ ಬೆವರು, ರಾತ್ರಿ ನಿದ್ದೆ ಇಲ್ಲ. ಚಿಕ್ಕಮ್ಮ "ಚಟ ಇಳೀತಾ ಇದೆ ಬಿಡು" ಎಂದುಕೊಂಡರು. ದಿನಾ ತುಂಬ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆ ಆಗಬಹುದು, ಜೀವಕ್ಕೇ ಅಪಾಯ ಆಗಬಹುದು. ಹೊಟ್ಟೆಯಲ್ಲಿ ಮಗು ಇದ್ದಾಗ ಅಪಾಯ ಇಬ್ಬರಿಗೂ. ಹಾಗಾಗಿ ನಿಲ್ಲಿಸಲೇಬೇಕು, ಆದರೆ ಆಸ್ಪತ್ರೆಯಲ್ಲಿ, ಡಾಕ್ಟರ್ ಕಣ್ಣಮುಂದೆ, ಮಾತ್ರೆಯ ಆಸರೆಯಲ್ಲಿ, ಥಯಾಮಿನ್ ಎಂಬ ವಿಟಮಿನ್ ಕೊಟ್ಟುಕೊಂಡು. ಆ ಕೆಲವು ದಿನ ಯಾವ ಶಿಬಿರವೂ ಬೇಡ, ಯಾವ ಆಶ್ರಮವೂ ಬೇಡ.

ನೋವಿನ ಮಾತ್ರೆ, ಹೆರಾಯಿನ್ ಜಾತಿಯ ಚಟಕ್ಕೆ ಮಾತು ಪೂರ್ತಿ ತಿರುಗುತ್ತದೆ. ಟ್ರಾಮಡಾಲ್, ಟ್ಯಾಪೆಂಟಡಾಲ್ ಮಾತ್ರೆಗಳೂ ಇದೇ ಗುಂಪು. ಇಲ್ಲಿ ಬಸುರಿನಲ್ಲಿ ಥಟ್ಟನೆ ಬಿಡಿಸುವುದಕ್ಕಿಂತ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಬದಲಿ ಔಷಧಿಯ ಮೇಲೆ ಇಟ್ಟು ಹೆರಿಗೆ ದಾಟಿಸುವುದು ವಾಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಯಾಕೆಂದರೆ ಬಿಟ್ಟವರು ಬಹಳ ಸಲ ಮತ್ತೆ ಶುರು ಮಾಡುತ್ತಾರೆ, ಮತ್ತೆ ಶುರು ಮಾಡುವಾಗ ಡೋಸ್ ಹೆಚ್ಚುಕಡಿಮೆಯಾಗಿ ಸಾಯುವ ಭಯ ಇರುತ್ತದೆ. "ಒಂದು ಚಟ ಬಿಡಿಸಿ ಇನ್ನೊಂದು ಚಟ ಹತ್ತಿಸ್ತಾರಂತೆ" ಎಂದು ಅತ್ತೆಮನೆಯವರು ಹೇಳುತ್ತಾರೆ, ಹೇಳಲಿ ಬಿಡಿ. ನಿಮಗೆ ಸಿಕ್ಕ ಸೆಂಟರ್ "ನಾವು ಯಾವ ಔಷಧಿಯೂ ಕೊಡಲ್ಲ, ಬರೀ ಯೋಗ, ಪ್ರಾರ್ಥನೆ" ಎಂದರೆ ಈ ಚಟಕ್ಕೆ ಅದು ನಿಮ್ಮ ಜಾಗ ಅಲ್ಲ.

ನಿದ್ದೆ ಮಾತ್ರೆಯೂ ಅಷ್ಟೇ. ದಿನಾ ನುಂಗುತ್ತಿದ್ದವರು ಒಂದೇ ಸಲ ನಿಲ್ಲಿಸಬಾರದು. ನಿಧಾನಕ್ಕೆ ಇಳಿಸಬೇಕು.

ತಂಬಾಕು ನಮ್ಮ ಹೆಂಗಸರ ದೊಡ್ಡ ಚಟ, ಆದರೆ ಅದನ್ನು ಚಟ ಎಂದು ಯಾರೂ ಕರೆಯುವುದೇ ಇಲ್ಲ. ಎಲೆಅಡಿಕೆ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು, ಬೆಳಗಾವಿ ಕಡೆ ಹಲ್ಲಿಗೆ ತಿಕ್ಕುವ ಮಿಶ್ರಿ. ಬಸುರಿ ವಾಂತಿ ನಿಲ್ಲಲಿ ಎಂದು ಎಲೆ ಹಾಕಿಕೊಳ್ಳುವುದು, ಬಾಣಂತಿಗೆ ಊಟ ಆದ ಮೇಲೆ ಎಲೆ ಮಡಚಿ ಕೊಡುವುದು ಎಷ್ಟು ಮನೆಗಳಲ್ಲಿ ಇದೆ! ಎಲೆಯೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಮಗು ಕಡಿಮೆ ತೂಕಕ್ಕೆ ಹುಟ್ಟಲು ತಂಬಾಕು ಒಂದು ಕಾರಣ. ಆದರೆ ಇದಕ್ಕೆ ಅಡ್ಮಿಟ್ ಆಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕೌನ್ಸೆಲಿಂಗ್ ಸಾಕು. 1800-11-2356 ಎಂಬ ತಂಬಾಕು ಕ್ವಿಟ್‌ಲೈನ್‌ಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ನಿಕೋಟಿನ್ ಗಮ್ ಅನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಜಗಿಯಬೇಡಿ, ಡಾಕ್ಟರ್‌ನ ಕೇಳಿ.

ಗಾಂಜಾಕ್ಕೆ ಬದಲಿ ಔಷಧಿ ಅಂತ ಇಲ್ಲ. ಅಲ್ಲೂ ಕೌನ್ಸೆಲಿಂಗೇ ದಾರಿ.

ಈಗ ಜಾಗಗಳು

ನನ್ನ ಮೊದಲ ಓಟು ಮೆಡಿಕಲ್ ಕಾಲೇಜು ಆಸ್ಪತ್ರೆಗೆ. ಬೇಜಾರಿನ ಉತ್ತರ ಅನ್ನಿಸಬಹುದು. ಉದ್ದ ಕ್ಯೂ, ಕಿಕ್ಕಿರಿದ ವಾರ್ಡ್, ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆದರೂ ಒಂದೇ ಆವರಣದಲ್ಲಿ ಮನೋವೈದ್ಯರು, ಹೆರಿಗೆ ವಿಭಾಗ, ಹುಟ್ಟಿದ ಮಗುವಿನ ಐಸಿಯು ಮೂರೂ ಸಿಗುವುದು ಅಲ್ಲೇ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಚೆಲುವಾಂಬ ಒಂದೇ ಕಾಲೇಜಿನವು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಮತ್ತು ವಾಣಿವಿಲಾಸ ಹಾಗೆಯೇ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಎಲ್ಲರೂ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಖಾಸಗಿಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ, ಮೈಸೂರಿನ ಜೆಎಸ್‌ಎಸ್ ಇಂಥ ಕಡೆ ಖರ್ಚು ಜಾಸ್ತಿ, ಆದರೆ ಓಡಾಟ ಕಡಿಮೆ. ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ, ಅಥವಾ ದಿನ ತುಂಬುವ ಮೊದಲೇ ನೋವು ಶುರುವಾದರೆ, ಆಂಬುಲೆನ್ಸ್ ಹುಡುಕಬೇಕಿಲ್ಲ, ಸ್ಟ್ರೆಚರ್ ಸಾಕು. ಏಳು ತಿಂಗಳು ದಾಟಿದ್ದರೆ ನಾನು ಬೇರೆ ಯಾವ ಆಯ್ಕೆಯನ್ನೂ ನೋಡುವುದಿಲ್ಲ. ಇಲ್ಲಿಯ ಕೊರತೆ ಎಂದರೆ ಕೌನ್ಸೆಲಿಂಗ್‌ಗೆ ಸಮಯ ಕಡಿಮೆ. ವಾರ, ಹತ್ತು ದಿನದಲ್ಲಿ ಮೈ ಸರಿ ಮಾಡಿ ಕಳಿಸುತ್ತಾರೆ. ಮನಸ್ಸಿನ ಕೆಲಸ ಬಾಕಿ ಉಳಿಯುತ್ತದೆ.

ಆ ಬಾಕಿ ಕೆಲಸದಲ್ಲಿ ನಿಮ್ಹಾನ್ಸ್ ಮುಂದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಒಂದು ಪ್ರತ್ಯೇಕ ಕೇಂದ್ರ ಇದೆ, ಹೆಂಗಸರಿಗೆ ಬೇರೆ ವಾರ್ಡ್ ಇದೆ, ಕುಟುಂಬದವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ, ಖರ್ಚೂ ಕಡಿಮೆ. ಬೇರೆ ಎಲ್ಲೂ ಸುಲಭಕ್ಕೆ ಸಿಗದ ಇನ್ನೊಂದು ವಿಷಯವೂ ಇದೆ: 2009ರಲ್ಲಿ ಶುರುವಾದ ತಾಯಿ-ಮಗು ಘಟಕ. ತಾಯಿ ಅಡ್ಮಿಟ್ ಆದರೆ ಮಗುವೂ ಜೊತೆಗೇ ಇರುತ್ತದೆ. ಅದು ಮುಖ್ಯವಾಗಿ ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಮಾಡಿದ್ದು, ಕುಡಿತ ಬಿಡಿಸಲಿಕ್ಕೆ ಅಲ್ಲ. ಆದರೆ ಕುಡಿತದ ಅಡಿಯಲ್ಲಿ ಖಿನ್ನತೆ ಇರುವುದು ಎಷ್ಟು ಸಾಮಾನ್ಯ ಅಲ್ವಾ? ಬಾಣಂತಿ ಮಗುವನ್ನು ಎತ್ತಿಕೊಳ್ಳುತ್ತಿಲ್ಲ, ನಿದ್ದೆ ಮಾಡುತ್ತಿಲ್ಲ, ಸಾಯುವ ಮಾತಾಡುತ್ತಾಳೆ, ಜೊತೆಗೆ ಕುಡಿತ ಎಂದರೆ ಅಲ್ಲಿಗೇ ಕರೆದುಕೊಂಡು ಹೋಗಿ.

ಆದರೆ ನಿಮ್ಹಾನ್ಸ್‌ನಲ್ಲಿ ಹೆರಿಗೆ ವಿಭಾಗ ಇಲ್ಲ. ಇದು ಅನೇಕರಿಗೆ ಗೊತ್ತಿಲ್ಲ. ಸ್ಕ್ಯಾನ್, ಚೆಕಪ್, ಹೆರಿಗೆಗೆ ಬೇರೆ ಆಸ್ಪತ್ರೆ ಗಟ್ಟಿ ಮಾಡಿಕೊಂಡಿರಬೇಕು, ಅಲ್ಲಿಯ ಫೈಲ್ ಇಲ್ಲಿಗೆ, ಇಲ್ಲಿಯ ಫೈಲ್ ಅಲ್ಲಿಗೆ ಒಯ್ಯಬೇಕು. ಅಡ್ಮಿಟ್ ಮಾಡಿದರೆ ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ. ಬೀದರಿನಿಂದ ಬರುವವರಿಗೆ ಇದೇ ದೊಡ್ಡ ತಲೆನೋವು. ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಮೊದಲು ನೋಡಿ. ಹೆರಿಗೆಗೆ ಪಕ್ಕದ ಹುಬ್ಬಳ್ಳಿಯ ಕಿಮ್ಸ್ ಇದೆ. ನನ್ನ ಲೆಕ್ಕದಲ್ಲಿ ಮೊದಲ ಆರು ತಿಂಗಳು ಅಥವಾ ಹೆರಿಗೆ ಮುಗಿದ ಮೇಲೆ ಇಂಥ ಸಂಸ್ಥೆಗಳು ಚೆನ್ನ, ಕೊನೆಯ ತಿಂಗಳುಗಳಿಗೆ ಮೆಡಿಕಲ್ ಕಾಲೇಜು.

ಖಾಸಗಿ ರಿಹ್ಯಾಬ್ ಬಗ್ಗೆ ನನಗೆ ಪೂರ್ವಗ್ರಹ ಇದೆ, ಒಪ್ಪಿಕೊಳ್ಳುತ್ತೇನೆ. ಒಳ್ಳೆಯವು ಇವೆ, ಹೆಂಗಸರಿಗೇ ಬೇರೆ ಕಟ್ಟಡ ಇರುವವೂ ಇವೆ. ಬಾಡಿಗೆ ಮನೆಯಲ್ಲಿ ಮೂವತ್ತು ಜನರನ್ನು ತುಂಬಿ, ಕಿಟಕಿಗೆ ಜಾಲರಿ ಹೊಡೆದು, ಮೂರು ತಿಂಗಳ ದುಡ್ಡು ಮುಂಗಡ ಇಸಿದುಕೊಳ್ಳುವವೂ ಇವೆ. ತಿಂಗಳಿಗೆ ಕೆಲವು ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೆ ಇದೆ, ಮತ್ತು ದುಬಾರಿ ಎಂದ ಮಾತ್ರಕ್ಕೆ ಅಲ್ಲಿ ಹೆರಿಗೆ ಡಾಕ್ಟರ್ ಬರುತ್ತಾರೆ ಎಂದೇನೂ ಇಲ್ಲ. ಫೋನಿನಲ್ಲೇ ಇಷ್ಟು ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ, ನಂಬರ್ ಏನು? ರಾತ್ರಿ ಡಾಕ್ಟರ್ ಇರುತ್ತಾರಾ ಅಥವಾ ಫೋನ್ ಮಾಡಿದರೆ ಬರುತ್ತಾರಾ? ಹೆಂಗಸರ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಹೆಂಗಸರೇ ಇರುತ್ತಾರಾ? ಹೆರಿಗೆ ಚೆಕಪ್‌ಗೆ ಯಾರು, ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ? ದಿನಾ ಫೋನಿನಲ್ಲಿ ಮಾತಾಡಬಹುದಾ? ಕೊನೆಯ ಪ್ರಶ್ನೆಗೆ "ಮೊದಲ ತಿಂಗಳು ಮಾತಾಡೋ ಹಾಗಿಲ್ಲ" ಎಂದರೆ ನಾನಾದರೆ ಫೋನ್ ಇಟ್ಟುಬಿಡುತ್ತೇನೆ. ಗಾಡಿ ಕಳಿಸುತ್ತೇವೆ ಎಂದವರಿಗೆ ಎರಡನೇ ಪ್ರಶ್ನೆಯನ್ನೂ ಕೇಳಬೇಡಿ.

ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಿಂದ ಸಂಸ್ಥೆಗಳು ನಡೆಸುವ ಕೇಂದ್ರಗಳಲ್ಲಿ ಚಿಕಿತ್ಸೆಗೆ ದುಡ್ಡು ಇಲ್ಲ. ನಿಮ್ಮ ಜಿಲ್ಲೆಯಲ್ಲಿ ಯಾವುದಿದೆ ಎಂದು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಆದರೆ ಇವು ಹೆಚ್ಚಾಗಿ ಗಂಡಸರ ಕೇಂದ್ರಗಳು. ಹೆಂಗಸರಿಗೆ ಹಾಸಿಗೆ ಇದೆಯಾ ಎಂದು ಕೇಳಿಕೊಂಡೇ ಬಸ್ಸು ಹತ್ತಿ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳನ್ನು ಹಳ್ಳಿ ಕಡೆಯವರೆಲ್ಲ ನೋಡಿರುತ್ತೀರಿ. ಊರಿನ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಸುಮಾರು ಒಂದು ವಾರ, ಊರಿನವರೇ ನಿಂತು ನಡೆಸುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿ ಎಂದು ಬಿಟ್ಟವರನ್ನೆಲ್ಲ ಒಟ್ಟು ಸೇರಿಸುತ್ತಾರೆ. ನನಗೆ ಈ ಶಿಬಿರಗಳ ಬಗ್ಗೆ ಗೌರವ ಇದೆ. ಆದರೆ ಸೇರುವವರು ಹೆಚ್ಚುಕಡಿಮೆ ಎಲ್ಲ ಗಂಡಸರು, ಮತ್ತು ಇಡೀ ಊರಿಗೆ ಗೊತ್ತಾಗುತ್ತದೆ. ಗಂಡಸು ಬಿಟ್ಟರೆ ಹಾರ ಹಾಕುತ್ತಾರೆ, ಬಸುರಿ ಬಿಟ್ಟಳು ಎಂದರೆ ಕುಡಿಯುತ್ತಿದ್ದಳು ಎನ್ನುವುದಷ್ಟೇ ನೆನಪಿರುತ್ತದೆ. ಬಸುರಿಗೆ ಇದು ಬೇಡ. ಅವಳ ಗಂಡನಿಗೆ ಬೇಕು. ಹೌದು, ಎಷ್ಟೋ ಕಡೆ ಇಬ್ಬರೂ ಕುಡಿಯುತ್ತಿರುತ್ತಾರೆ, ಅವಳಿಗೆ ಮೊದಲ ಗ್ಲಾಸ್ ಕೊಟ್ಟವನೇ ಅವನಾಗಿರುತ್ತಾನೆ. ಅವಳೊಬ್ಬಳನ್ನು ಅಡ್ಮಿಟ್ ಮಾಡಿ, ಹತ್ತು ದಿನ ಆದ ಮೇಲೆ ಫ್ರಿಜ್‌ನಲ್ಲಿ ಬಿಯರ್ ಇರುವ ಮನೆಗೇ ಕಳಿಸಿದರೆ ಏನು ಉಪಯೋಗ?

ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಎಂದು ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ಮಾತಾಡುವ ಗುಂಪುಗಳಿವೆ. ಶುಲ್ಕ ಇಲ್ಲ, ಹೆಸರು ಕೇಳುವುದಿಲ್ಲ. ಆಸ್ಪತ್ರೆ ಆದ ಮೇಲೆ ಜೊತೆಗೆ ಇಟ್ಟುಕೊಳ್ಳಲು ಒಳ್ಳೆಯದು. ಆಸ್ಪತ್ರೆಯ ಬದಲು ಅಲ್ಲ. ಗಂಡಸರೇ ತುಂಬಿದ ಮೀಟಿಂಗ್‌ನಲ್ಲಿ ಕೂರಲು ಮುಜುಗರವಾದರೆ ಹೆಂಗಸರ ಮೀಟಿಂಗ್ ಅಥವಾ ಆನ್‌ಲೈನ್ ಮೀಟಿಂಗ್ ಕೇಳಿ.

ಮನೆಯಲ್ಲಿದ್ದುಕೊಂಡೇ ಓಪಿಡಿಗೆ ಹೋಗಿಬರುವುದೂ ಒಂದು ಆಯ್ಕೆ, ಎಷ್ಟೋ ಜನಕ್ಕೆ ಅದೇ ಸಾಕು. ತಂಬಾಕು, ಗಾಂಜಾ, ಅಪರೂಪಕ್ಕೆ ಕುಡಿತ ಎಂದರೆ ಅಡ್ಮಿಟ್ ಯಾಕೆ? ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಆಗಲೇ ಡಾಕ್ಟರ್ ಹತ್ತಿರ ಒಬ್ಬಳೇ ಇರುವಾಗ ಹೇಳಬಹುದು. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ. ಅತ್ತೆಯನ್ನು ಹೊರಗೆ ಕಾಫಿಗೆ ಕರೆದುಕೊಂಡು ಹೋಗುವುದು ನಿಮ್ಮ ಕೆಲಸ.

ಇನ್ನು ಗೋಡೆಯ ಮೇಲೆ, ಆಟೋ ಹಿಂದೆ ಕಾಣುವ "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಪುಡಿ. ಊಟದಲ್ಲಿ ಬೆರೆಸಿ ಕೊಡಿ ಎನ್ನುತ್ತಾರೆ. ಒಳಗೆ ಏನಿದೆ ಎಂದು ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ಅದನ್ನು ತಿಂದು ಕುಡಿದರೆ ವಾಂತಿ, ಎದೆಬಡಿತ, ಬಿಪಿ ಇಳಿಯುವುದು ಎಲ್ಲ ಆಗುತ್ತದೆ. ಗೊತ್ತಿದ್ದು ಒಪ್ಪಿ ತೆಗೆದುಕೊಳ್ಳುವ ಗಂಡಸರಿಗೇ ಡಾಕ್ಟರ್‌ಗಳು ಹುಷಾರಾಗಿ ಕೊಡುತ್ತಾರೆ. ಬಸುರಿಗೆ ಗೊತ್ತಿಲ್ಲದಂತೆ ಯಾವ ಪುಡಿಯನ್ನೂ ಕೊಡಬೇಡಿ. ದಯವಿಟ್ಟು.

ಮಗುವನ್ನು ಕಿತ್ತುಕೊಳ್ಳುತ್ತಾರಾ?

ಚಿಕ್ಕಪ್ಪನ ಮಗಳು ನನ್ನ ಹತ್ತಿರ ಕೇಳಿದ ಮೊದಲ ಪ್ರಶ್ನೆ ಇದು. "ಅಕ್ಕಾ, ಹೇಳಿದ್ರೆ ಮಗು ಕಿತ್ಕೊಳ್ತಾರಾ? ಪೊಲೀಸರಿಗೆ ಹೇಳ್ತಾರಾ?" ಆಸ್ಪತ್ರೆಗೆ ಬರದೆ ಇರಲು ಎಷ್ಟೋ ಹೆಂಗಸರಿಗೆ ಇದೇ ಕಾರಣ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಅದರ 21ನೇ ಸೆಕ್ಷನ್ ಪ್ರಕಾರ, ತಾಯಿ ಚಿಕಿತ್ಸೆಗೆ ಅಡ್ಮಿಟ್ ಆದಾಗ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ದೂರ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದೆ ಎಂದು ಮನೋವೈದ್ಯರಿಗೆ ಅನ್ನಿಸಿದರೆ ಮಾತ್ರ, ಅದೂ ತಾತ್ಕಾಲಿಕವಾಗಿ. ಆಗಲೂ ಯಾರಾದರೂ ಜೊತೆಗಿದ್ದು ತಾಯಿಗೆ ಮಗುವನ್ನು ನೋಡಲು ಬಿಡಬೇಕು. ಪ್ರತಿ 15 ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು, ಒಟ್ಟಿಗೆ 30 ದಿನ ದಾಟಿದರೆ ಪ್ರಾಧಿಕಾರದ ಒಪ್ಪಿಗೆ ಬೇಕು. "ಮಗು ಅಲೋ ಮಾಡಲ್ಲ, ಅಜ್ಜಿ ಹತ್ತಿರ ಬಿಟ್ಟು ಬನ್ನಿ" ಎಂದು ಕಣ್ಣು ಮುಚ್ಚಿ ಹೇಳುವ ಸೆಂಟರಿಗೆ ಈ ಸೆಕ್ಷನ್ ನೆನಪಿಸಿ. ಅವರ ಮುಖ ಹೇಗಾಗುತ್ತದೆ ಎನ್ನುವುದರಲ್ಲೇ ಅರ್ಧ ಹೋಲಿಕೆ ಮುಗಿಯುತ್ತದೆ.

ಅದೇ ಕಾಯ್ದೆ ಸರಪಳಿ ಹಾಕುವುದನ್ನು, ಒಬ್ಬರನ್ನೇ ಕೂಡಿಹಾಕುವುದನ್ನು, ಬಲವಂತವಾಗಿ ತಲೆ ಬೋಳಿಸುವುದನ್ನು ಬೇಡ ಎನ್ನುತ್ತದೆ. ರೋಗಿಯ ವಿಷಯ ಗುಟ್ಟಾಗಿರಬೇಕು ಎನ್ನುತ್ತದೆ. ಅವಳೇ ಒಪ್ಪಿ ಸೇರಿದರೆ ಅವಳೇ ಬಿಡುಗಡೆ ಕೇಳಬಹುದು.

ಪೊಲೀಸ್ ವಿಷಯ: ಕುಡಿಯುವುದು, ತಂಬಾಕು ಜಗಿಯುವುದು ನಮ್ಮಲ್ಲಿ ಅಪರಾಧವೇ ಅಲ್ಲ. ಡ್ರಗ್ಸ್ ವಿಷಯದಲ್ಲೂ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್ ಇದೆ. ಬಳಸಿದ್ದಕ್ಕೆ, ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸಾದವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ ಶಿಕ್ಷೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಹೆರಿಗೆ ಆದ ಮೇಲೆ

ತಾಯಿ ನೋವಿನ ಮಾತ್ರೆ ಜಾತಿಯ ಚಟದಲ್ಲಿದ್ದರೆ ಅಥವಾ ಬದಲಿ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಹುಟ್ಟಿದ ಮಗು ಮೊದಲ ಕೆಲವು ದಿನಗಳಲ್ಲಿ ಜಾಸ್ತಿ ಅಳಬಹುದು, ನಡುಗಬಹುದು, ಹಾಲು ಸರಿಯಾಗಿ ಕುಡಿಯದೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ. ತಾಯಿ ಪಕ್ಕದಲ್ಲೇ ಮಲಗಿಸುವುದು, ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು, ಎದೆಹಾಲು ಇವೇ ಎಷ್ಟೋ ಸಲ ಕೆಲಸ ಮಾಡುತ್ತವೆ. ಅದಕ್ಕೇ ಹೆರಿಗೆ ಆಸ್ಪತ್ರೆಗೆ ಮೊದಲೇ ಹೇಳಿಟ್ಟಿರಬೇಕು. ಮುಚ್ಚಿಟ್ಟರೆ ಮರುದಿನವೇ ಡಿಸ್ಚಾರ್ಜ್ ಮಾಡುತ್ತಾರೆ, ಮಗು ಮನೆಯಲ್ಲಿ ಒದ್ದಾಡುತ್ತದೆ.

ಎದೆಹಾಲಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಬದಲಿ ಔಷಧಿಯ ಮೇಲೆ ಸ್ಥಿರವಾಗಿರುವ ತಾಯಿ ಸಾಮಾನ್ಯವಾಗಿ ಹಾಲು ಕೊಡಬಹುದು. ತಂಬಾಕು ಬಿಡಲು ಆಗದವಳೂ ಹಾಲು ನಿಲ್ಲಿಸಬೇಕಿಲ್ಲ, ತಂಬಾಕು ನಿಲ್ಲಿಸಲು ಸಹಾಯ ಬೇಕು, ಅಷ್ಟೇ. ಕುಡಿದಾಗ ಹಾಲು ಕೊಡಬಾರದು, ಕುಡಿದು ಮಗುವಿನ ಪಕ್ಕ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ಮಗು ಉಸಿರು ಕಟ್ಟುವ ಅಪಾಯ ನಿಜವಾದದ್ದು.

ಬಾಣಂತನ ಎಲ್ಲಿ ಎನ್ನುವುದೂ ಈ ಹೋಲಿಕೆಯ ಭಾಗವೇ, ಯಾವ ಸೆಂಟರೂ ಇದನ್ನು ನಿಮಗೆ ಹೇಳುವುದಿಲ್ಲ. ತವರಾ, ಅತ್ತೆಮನೆಯಾ? ಸಾಮಾನ್ಯವಾಗಿ ತವರು ಎನ್ನುತ್ತೇವೆ. ಆದರೆ ತವರಲ್ಲೇ ಅಪ್ಪ ಕುಡಿಯುತ್ತಿದ್ದರೆ? ಬಾಣಂತಿಗೆ ಮೈ ಬೆಚ್ಚಗಿರಲಿ ಎಂದು ಚಮಚ ಬ್ರಾಂದಿ ಕೊಡುವ ಪದ್ಧತಿ ಇರುವ ಮನೆಗಳೂ ಇವೆ. ಕುಡಿತ ಬಿಟ್ಟ ಹುಡುಗಿಗೆ ಆ ಒಂದು ಚಮಚ ಸಾಕು. ನಮ್ಮ ಚಿಕ್ಕಮ್ಮ ಅದನ್ನೂ ಕೊಡಲು ಹೊರಟಿದ್ದರು, "ಔಷಧಿ ಕಣೇ ಅದು" ಎನ್ನುತ್ತಾ. ಅದಕ್ಕೇ ಕೊನೆಗೆ ಅವಳ ಬಾಣಂತನ ನಡೆದದ್ದು ಸೋದರತ್ತೆ ಮನೆಯಲ್ಲಿ. ಅಲ್ಲಿಂದ ಆಸ್ಪತ್ರೆಗೆ ಒಂದೇ ಬಸ್ಸು. ಅತ್ತೆ ಜಾಸ್ತಿ ಮಾತಾಡದ ಹೆಂಗಸು, ಈ ಕೆಲಸಕ್ಕೆ ಅದು ದೊಡ್ಡ ಗುಣ. ನಡುವೆ ಒಂದು ಸಲ ಅವಳು ಮತ್ತೆ ಕುಡಿದಳು, ಮಗುವಿಗೆ ಮೂರು ತಿಂಗಳಾಗಿದ್ದಾಗ. ಬೈಯದೆ ಮರುದಿನ ಬೆಳಿಗ್ಗೆಯೇ ಅವಳನ್ನು ನೋಡುತ್ತಿದ್ದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು, ಮಗುವನ್ನೂ ಎತ್ತಿಕೊಂಡು. ಜಾಗ ಹತ್ತಿರ ಇದ್ದದ್ದಕ್ಕೆ ಅದು ಆಯಿತು. ಫಾಲೋಅಪ್‌ಗೆ ಆರು ಗಂಟೆ ಪ್ರಯಾಣ ಇರುವ ಒಳ್ಳೆಯ ಆಸ್ಪತ್ರೆಗಿಂತ ಅರ್ಧ ಗಂಟೆಯ ಸಾಧಾರಣ ಆಸ್ಪತ್ರೆಯನ್ನು ನಾನು ಆರಿಸುತ್ತೇನೆ. ಕೈಮಗು ಎತ್ತಿಕೊಂಡು ಬಸ್ಸಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ 181 ಮಹಿಳಾ ಸಹಾಯವಾಣಿ. ಯಾವ ಜಾಗ ಎಂದು ಇನ್ನೂ ತೀರ್ಮಾನ ಆಗದೆ ಇದ್ದು, ಇವತ್ತು ರಾತ್ರಿಯೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ದಿನದ 24 ಗಂಟೆಯೂ, ಕನ್ನಡದಲ್ಲೇ. ಕೈ ನಡುಕ, ಫಿಟ್ಸ್, ರಕ್ತಸ್ರಾವ, ಹೊಟ್ಟೆಯಲ್ಲಿ ಮಗು ಆಡುತ್ತಿಲ್ಲ ಎನ್ನುವುದು ಏನಾದರೂ ಇದ್ದರೆ ಆ ಫೋನೂ ಬೇಡ, 108ಕ್ಕೆ ಮಾಡಿ, ಹೆರಿಗೆ ವಿಭಾಗ ಇರುವ ಆಸ್ಪತ್ರೆಗೇ ಹೋಗಿ, ಎಷ್ಟು ಕುಡಿದಿದ್ದಳು, ಯಾವಾಗ ಕೊನೆಯ ಸಲ ಎನ್ನುವುದನ್ನು ಬಾಗಿಲಲ್ಲೇ ಹೇಳಿ.